ಬಾವಿಲ್ಲದ ಬಾವು

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ದಾರಿಯಲ್ಲಿ ಪೆಂದುರ್ತಿ ಸಿಗುತ್ತದೆ. ಆ ಸೀಮೆಯಲ್ಲಿ ಹಸುವಿನ ಕೆಚ್ಚಲು ಗಟ್ಟಿಯಾಗಿ, ಮೊಲೆಗೆ ಕೈ ಹಾಕಿದರೆ ಒದೆಯುವಂತಾದರೆ ಅದು ‘ಪೊದುಗುವಾಪು’. ಮಂಡ್ಯದವರಿಗೆ ಅದೇ ಕೆಚ್ಚಲುಬಾವು. ತೆಲುಗಿನ ವೆನ್ನ ನಮ್ಮಲ್ಲಿ ಬೆಣ್ಣೆ, ವೇಸವಿ ಬೇಸಿಗೆ, ವೆನ್ನು ಬೆನ್ನು. ವಾಪು ಬಾವಾದದ್ದೂ ಹಾಗೆಯೇ.

ಬಾವು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಮಾತು. ಒಸಡು ಬಾತುಕೊಳ್ಳುತ್ತದೆ, ಉಳುಕಿದ ಕಾಲು ಬಾತುಕೊಳ್ಳುತ್ತದೆ, ಅತ್ತೂ ಅತ್ತೂ ಕಣ್ಣು ಬಾತಿರುತ್ತದೆ. ಮಗುವಿನ ಕೆನ್ನೆ ಬಾತರೆ ಮಂಗನಬಾವು. ಹಿಟ್ಟು ಉಬ್ಬೀತು, ಬಲೂನು ಊದೀತು, ಬಾಯಲು ಮಾತ್ರ ಮೈಯೇ ಬೇಕು. ಒಂದನೇ ಶತಮಾನದ ರೋಮಿನ ಸೆಲ್ಸಸ್ ನಾಲ್ಕು ಲಕ್ಷಣ ಎಣಿಸಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ಪಠ್ಯಪುಸ್ತಕದವರು ಉರಿ, ಊತ ಎರಡನ್ನೂ ಹೊಸೆದು ‘ಉರಿಯೂತ’ ಮಾಡಿದರು. ಒಳ್ಳೆಯ ಪದವೇ, ಆದರೆ ಕೊಟ್ಟಿಗೆಯೊಳಕ್ಕೆ ಅದಿನ್ನೂ ಕಾಲಿಟ್ಟಿಲ್ಲ.

ಬಾವಿನೊಳಗೆ ನಡೆಯುವುದೇ ಬೇರೆ ವ್ಯವಹಾರ. ಮೊಲೆಯ ರಂಧ್ರದಿಂದ ಬ್ಯಾಕ್ಟೀರಿಯಾ ಒಳಹೊಕ್ಕಾಗ ಹಾಲಿನ ನಾಳದ ಗೋಡೆಯ ಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಸಣ್ಣ ಪ್ರೋಟೀನನ್ನು ಸುರಿಸುತ್ತವೆ. ಈ ಜಾತಿಯ ಪ್ರೋಟೀನುಗಳಿಗೆ ಕೀಮೊಕೈನ್ ಎಂಬ ಹೆಸರು ಬಿದ್ದದ್ದು 1992ರಲ್ಲಿ, ಆಸ್ಟ್ರಿಯಾದ ಬಾಡೆನ್‌ನಲ್ಲಿ ನಡೆದ ಸಭೆಯಲ್ಲಿ. ನೆತ್ತರಿನಲ್ಲಿ ಹೋಗುತ್ತಿರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿವೆ. ಹಲಸಿನ ಹಣ್ಣು ಕೊಯ್ದ ಮನೆಗೆ ನೊಣ ಯಾರನ್ನೂ ದಾರಿ ಕೇಳದೆ ಬರುವ ಹಾಗೆ, ಕೀಮೊಕೈನ್ ದಟ್ಟವಾಗಿರುವ ಕಡೆಗೇ ಕಣ ತಿರುಗುತ್ತದೆ. ಮೊದಲು ರಕ್ತನಾಳದ ಗೋಡೆಗೆ ತಾಗಿ ಉರುಳುತ್ತದೆ, ಆಮೇಲೆ ಗಟ್ಟಿಯಾಗಿ ಅಂಟಿ, ಸಂದಿನಲ್ಲಿ ನುಸುಳಿ ಹೊರಬೀಳುತ್ತದೆ. ಸಡಿಲವಾದ ಗೋಡೆಯಿಂದ ನೀರೂ ಜಿನುಗುತ್ತದೆ. ನಮ್ಮ ಕೈಗೆ ಸಿಗುವ ಬಾವು ಅದು.

ಮನುಷ್ಯರಲ್ಲಿ ಸುಮಾರು 50 ಕೀಮೊಕೈನ್‌ಗಳು, 20ರಷ್ಟು ಗ್ರಾಹಕಗಳು ಇವೆ. ಎಲ್ಲವೂ ಬಾವಿಗೇ ಇರುವವಲ್ಲ. ರಕ್ತದ ಮೂಲಕೋಶಗಳನ್ನು ಮೂಳೆಯ ಮಜ್ಜೆಯಲ್ಲೇ ಉಳಿಸಿಕೊಳ್ಳುವುದೂ ಒಂದು ಕೀಮೊಕೈನ್‌ನ ದಿನಗೆಲಸ. ಅದಕ್ಕೆ ಯಾವ ಊತವೂ ಇಲ್ಲ, ಕೆಂಪೂ ಇಲ್ಲ.

ಈಗ ಕೆಚ್ಚಲಿಗೇ ಬರೋಣ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಇಂಟರ್‌ಲ್ಯೂಕಿನ್-8 ಧಾರಾಳವಾಗಿ ಏಳುತ್ತದೆ. ಕೆಚ್ಚಲು ಕಲ್ಲಾಗಿ, ಜ್ವರ ಬಂದು, ಹಾಲು ನೀರಾಗಿ ಚೂರುಚೂರಾಗುತ್ತದೆ. ಸ್ಟೆಫೈಲೊಕಾಕಸ್ ಆರಿಯಸ್ ಹಾಗಲ್ಲ. ಅದು ಹೊಕ್ಕಾಗ ಇಂಟರ್‌ಲ್ಯೂಕಿನ್-8 ಬಿಳಿ ಕಣಗಳಿಗೆ ಕೊಡುವ ಕರೆ ಸಾಮಾನ್ಯವಾಗಿ ಸಣ್ಣ ದನಿಯದು, ಆದ್ದರಿಂದ ಅದು ತಿಂಗಳುಗಟ್ಟಲೆ ಒಳಗೇ ಬಿಡಾರ ಹೂಡಬಲ್ಲದು. ಕೆಚ್ಚಲು ಮೆತ್ತಗೇ ಇರುತ್ತದೆ, ಹಾಲು ಬೆಳ್ಳಗೇ ಇರುತ್ತದೆ, ಇಳುವರಿ ಮಾತ್ರ ಇಳಿಯುತ್ತದೆ. ಪಶುವೈದ್ಯರು ಇದನ್ನು ಸುಪ್ತ ಕೆಚ್ಚಲುಬಾವು ಎಂದರು. ಬಾತಿಲ್ಲದ್ದಕ್ಕೂ ಬಾವು! ಕಂಡದ್ದನ್ನು ಮಾತ್ರ ಹೇಳುತ್ತಿದ್ದ ಪದದ ಹೆಗಲಿಗೆ ಕಾಣದ್ದನ್ನೂ ಹೊರಿಸಿದಂತಾಯಿತು. ನನಗೇನೋ ಇದು ಸರಿ ಎನಿಸುತ್ತದೆ. ಹೊಸ ಪದ ಕೊಟ್ಟಿದ್ದರೆ ಬೇರೆ ಕಾಯಿಲೆ ಎಂದು ತಿಳಿದು ರೈತ ಸುಮ್ಮನಾಗುತ್ತಿದ್ದ.

ಕಾಣದ್ದನ್ನು ಕಾಣಿಸಲು ನಾಲ್ಕು ಗುಂಡಿಯ ಒಂದು ಪ್ಲಾಸ್ಟಿಕ್ ತಟ್ಟೆ ಸಾಕು. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಗುಂಡಿಗೆ ಕರೆದು, ಅಷ್ಟೇ ಪ್ರಮಾಣದ ಮಾರ್ಜಕ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸುತ್ತಾರೆ. ಆರೋಗ್ಯವಂತ ಮೊಲೆಯ ಹಾಲಿನಲ್ಲಿ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. ಅದು ತೆಳ್ಳಗೆ ಹರಿಯುತ್ತದೆ. ಕೋಶಗಳು ಬಹಳ ಸೇರಿದ್ದರೆ ಮಾರ್ಜಕ ಅವನ್ನು ಒಡೆದು, ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಅದರಲ್ಲಿ ಬಹುಪಾಲು ಕರೆ ಕೇಳಿ ಬಂದ ನ್ಯೂಟ್ರೊಫಿಲ್‌ಗಳದೇ. ಒಂದೇ ಗುಂಡಿ ಲೋಳೆಯಾಗಿದ್ದರೆ ಆ ಮೊಲೆಯನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಹಾಲನ್ನು ಬೇರೆ ಇಡಬೇಕು.