ಮಕ್ಕಳ ಮೇಲಣ ಲೈಂಗಿಕ ಅಪರಾಧಗಳು: ಕೇಂದ್ರ ಮತ್ತು ರಾಜ್ಯ ಶಾಸನಗಳಲ್ಲಿ ದಂಡನೆ

ಹದಿನೆಂಟು ವರ್ಷ ತುಂಬದ ಬಾಲಕನನ್ನಾಗಲಿ ಬಾಲಕಿಯನ್ನಾಗಲಿ ಕಾಮತೃಪ್ತಿಗೋ ಧನಾರ್ಜನೆಗೋ ಬಳಸಿಕೊಳ್ಳುವ ಕೃತ್ಯಗಳು ಭಾರತದಲ್ಲಿ ಮುಖ್ಯವಾಗಿ 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆಯ, ಜನರ ಬಾಯಲ್ಲಿ ಪೋಕ್ಸೊ ಎಂದೇ ರೂಢಿಯಾಗಿರುವ ಶಾಸನದ, ಮೇರೆಗೆ ದಂಡನಾರ್ಹವಾಗಿವೆ. ಅಮೆರಿಕದಲ್ಲಿ ರಾಜ್ಯಕ್ಕೊಂದು, ಒಕ್ಕೂಟಕ್ಕೊಂದು ದಂಡಸಂಹಿತೆಯೂ ನ್ಯಾಯಾಲಯವೂ ಇದ್ದು, ಒಂದೇ ಕೃತ್ಯಕ್ಕೆ ಎರಡು ಕಡೆಯೂ ವಿಚಾರಣೆ ನಡೆಯಬಹುದು, ನಮ್ಮಲ್ಲಿ ಹಾಗಲ್ಲ. ದಂಡವಿಧಿಯು ಸಂವಿಧಾನದ ಸಮವರ್ತಿ ಪಟ್ಟಿಗೂ ಪೊಲೀಸು ವ್ಯವಸ್ಥೆಯು ರಾಜ್ಯ ಪಟ್ಟಿಗೂ ಸೇರಿರುವುದರಿಂದ, ಉದಾಹರಣೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಯಾವ ಠಾಣೆಯಲ್ಲಿ ದೂರು ದಾಖಲಾದರೂ, ಸಂಸತ್ತಿನ ಕಾಯ್ದೆಯಡಿ ರಾಜ್ಯದ ಪೊಲೀಸರೇ ತನಿಖೆ ನಡೆಸಿ, ದಾವಣಗೆರೆ ಜಿಲ್ಲೆಯ ವಿಶೇಷ ನ್ಯಾಯಾಲಯದ ಮುಂದೆ ಆರೋಪಪಟ್ಟಿಯನ್ನಿಡುತ್ತಾರೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿಯೂ, ನ್ಯಾಮತಿಯನ್ನು ಒಳಗೊಂಡಿದ್ದ ಹೊನ್ನಾಳಿಯೂ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದು, ಎಲ್ಲವೂ ಹಿಂದಿನ ಮೈಸೂರು ಸಂಸ್ಥಾನದ ಸೀಮೆಯವು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನೂ, ಐವತ್ತು ಮೀರಿದ ಪುರುಷನು ಹದಿನಾಲ್ಕರೊಳಗಿನ ಬಾಲೆಯನ್ನು ವರಿಸುವುದನ್ನೂ ಆ ಸಂಸ್ಥಾನವು 1894ರಲ್ಲಿಯೇ, ಬಾಲ್ಯವಿವಾಹ ತಡೆಯ ಶಾರದಾ ಕಾಯ್ದೆಗೆ ಮೂರೂವರೆ ದಶಕ ಮುಂಚೆ, ನಿಷೇಧಿಸಿತ್ತು. ಇಂದಿನ ಕಣ್ಣಿಗೆ ಆ ವಯೋಮಿತಿ ಅತ್ಯಲ್ಪವೆನಿಸಿದರೂ ಅಂದಿಗೆ ಅದು ಸಾಹಸವೇ ಸರಿ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ 2019ರ ತಿದ್ದುಪಡಿಯಿಂದ ಮತ್ತಷ್ಟು ಕಠಿಣವಾಯಿತು. ಮಗುವಿನ ಮೇಲಣ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ, ಮಗು ಹದಿನಾರರೊಳಗಿನದಾದರೆ ಕನಿಷ್ಠ 20 ವರ್ಷಗಳ ಸೆರೆವಾಸ ವಿಧಿತವಾಗಿದೆ. ಅಪರಾಧಿಯು ರಕ್ತಸಂಬಂಧಿಯೋ, ಪೊಲೀಸನೋ, ಶಾಲೆ, ವಸತಿನಿಲಯ, ಆಸ್ಪತ್ರೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತಕ್ಕೆ ಸೇರಿದವನೋ ಆಗಿದ್ದರೆ, ಅಥವಾ ಮಗುವಿಗೆ ಹನ್ನೆರಡು ತುಂಬಿರದಿದ್ದರೆ, ಶಿಕ್ಷೆಯು 20 ವರ್ಷಗಳಿಂದ ಆರಂಭವಾಗಿ, ಜೀವವಿರುವ ತನಕ ಕಾರಾಗೃಹವಾಸಕ್ಕೂ ಮರಣದಂಡನೆಗೂ ಏರಬಹುದು. ದುರುದ್ದೇಶದ ಸ್ಪರ್ಶಕ್ಕೆ 3ರಿಂದ 5 ವರ್ಷ. ವಸ್ತ್ರದ ಮೇಲಣ ಸ್ಪರ್ಶ ಸ್ಪರ್ಶವೇ ಅಲ್ಲವೆಂಬ ವಿಚಿತ್ರ ವಾದವನ್ನು ಸರ್ವೋಚ್ಚ ನ್ಯಾಯಾಲಯ 2021ರ ನವೆಂಬರ್‌ನಲ್ಲಿ ತಳ್ಳಿಹಾಕಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದೇ ಕೃತ್ಯ ಅಪರಾಧವಾಗಿದ್ದರೆ, ಎರಡು ಶಿಕ್ಷೆಗಳಲ್ಲಿ ಹೆಚ್ಚಿನದೇ ಸಲ್ಲುತ್ತದೆ.

ಮಕ್ಕಳನ್ನು ಅಶ್ಲೀಲ ಚಿತ್ರಣಕ್ಕೆ ಬಳಸಿದವನಿಗೆ ಕನಿಷ್ಠ 5 ವರ್ಷ, ಮರುಕಳಿಸಿದರೆ ಕನಿಷ್ಠ 7 ವರ್ಷ. ಅಂಥ ದೃಶ್ಯಗಳನ್ನು ಮೊಬೈಲಿನಲ್ಲಿ ಹುಡುಕುವುದು, ನೋಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67-ಬಿ ಕಲಮಿನಂತೆ ಮೊದಲ ಸಲಕ್ಕೆ 5 ವರ್ಷಗಳವರೆಗಿನ ಸೆರೆವಾಸಕ್ಕೂ 10 ಲಕ್ಷ ರೂಪಾಯಿವರೆಗಿನ ದಂಡಕ್ಕೂ ಕಾರಣವಾಗುತ್ತದೆ.

ಇನ್ನು ರಾಜ್ಯದ ಪಾಲು. ಹೆಣ್ಣುಮಕ್ಕಳನ್ನು ದೇವರಿಗೆ ಅರ್ಪಿಸಿ ಮುತ್ತು ಕಟ್ಟುವ ಪದ್ಧತಿ ಬೇರೂರಿದ್ದ ನಾಡಿನಲ್ಲಿ, 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯು ಹೆತ್ತವರನ್ನೂ ಬಿಡದೆ, ಇತರರಿಗೆ 3 ವರ್ಷಗಳವರೆಗೆಂದು ನಿಗದಿಯಾದ ಸೆರೆವಾಸವನ್ನು ತಂದೆತಾಯಿಗಳಿಗೂ ಬಂಧುಗಳಿಗೂ 2ರಿಂದ 5 ವರ್ಷಕ್ಕೆ ಏರಿಸಿತು. ಬಾಲ್ಯವಿವಾಹವನ್ನು ಮೂಲತಃ ಅಸಿಂಧುವೆಂದು ಸಾರಿದ, ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯು ಇನ್ನೂ ಮಹತ್ತ್ವದ್ದು. ಹದಿನೆಂಟರೊಳಗಿನ ಪತ್ನಿಯೊಡನೆ ಗಂಡನು ನಡೆಸುವ ಸಂಭೋಗವೂ ಅತ್ಯಾಚಾರವೆಂದು 2017ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಾಗ ಸರ್ವೋಚ್ಚ ನ್ಯಾಯಾಲಯವು, ಇತರ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯಲೆಂದು ಆಶಿಸಿತು.

ಆದರೆ ಹಳ್ಳಿಗಳ ಮಟ್ಟಿಗೆ, ಈ ಎಲ್ಲ ದಂಡನೆಗಳಿಗಿಂತ ಪ್ರಬಲವಾದ ಕಲಮು ಪ್ರಾಯಶಃ ಪೋಕ್ಸೊದ ಹತ್ತೊಂಬತ್ತನೆಯದು. ಅಪರಾಧ ನಡೆದಿದೆಯೆಂದು ತಿಳಿದ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು ಅದು ವಿಧಿಸುತ್ತದೆ. ಮುಚ್ಚಿಟ್ಟವನಿಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವರ ಕೃತ್ಯವನ್ನು ಮರೆಮಾಡಿದರೆ 1 ವರ್ಷದವರೆಗೆ ಸೆರೆವಾಸ. ಮನೆತನದ ಮಾನದ ಹೆಸರಿನಲ್ಲಿ ಹಿರಿಯರು ಪಂಚಾಯಿತಿ ಸೇರಿಸಿ ರಾಜಿ ಮಾಡಿಸುವ ರೂಢಿಗೆ ಕಾನೂನಿನಲ್ಲಿ ಎಡೆಯಿಲ್ಲ. ಮಗುವಿನ ಹೇಳಿಕೆಯನ್ನು ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರೇ, ಸಮವಸ್ತ್ರವಿಲ್ಲದೆ, ಮಗುವಿನ ಮನೆಯಲ್ಲೋ ಅದು ಬಯಸಿದೆಡೆಯಲ್ಲೋ ಬರೆದುಕೊಳ್ಳಬೇಕು. ವಿಚಾರಣೆ ಗುಪ್ತವಾಗಿ ನಡೆಯಬೇಕು. ಹೆಸರು ಪ್ರಕಟಿಸಿದ ಪತ್ರಿಕೆಗೂ ಶಿಕ್ಷೆಯುಂಟು. ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಠಾಣೆಗೆ ಹೋಗಲು ಅಳುಕುವವರು ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆಮಾಡಬಹುದು.