ಒಂದು ಅಣುವಿಗೆ ಎಷ್ಟು ಹೊರೆ?

ಅಲ್ಜೈಮರ್ಸ್ ಎಂದು ಗೊತ್ತಾದ ಮೇಲೆ ಡಾಕ್ಟರು ಬರೆಯುವ ಚೀಟಿಯಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವ ಹೆಸರು ಎರಡು: ಡೊನೆಪೆಜಿಲ್, ಮೆಮಂಟೈನ್. ಅಮೆರಿಕದಲ್ಲಿ ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ, ಎರಡನೆಯದಕ್ಕೆ 2003ರಲ್ಲಿ. ಮರೆವನ್ನು ಕೆಲಕಾಲ ತಡೆದು ನಿಲ್ಲಿಸುತ್ತವೆ, ಅಷ್ಟೇ; ಕಾಯಿಲೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಬತ್ತುತ್ತದೆ, ಅಮಿಲಾಯ್ಡ್ ಗಟ್ಟಿಗಟ್ಟುತ್ತದೆ, ಟಾವ್ ಪ್ರೋಟೀನು ಸಿಕ್ಕಾಗುತ್ತದೆ, ತಾಮ್ರ-ಕಬ್ಬಿಣದ ಲೆಕ್ಕ ತಪ್ಪುತ್ತದೆ, ಉರಿಯೂತ ಏಳುತ್ತದೆ. ಒಂದು ಹೆಂಚು ಬದಲಿಸಿದರೆ ಮಾಡು ಸೋರುವುದು ನಿಲ್ಲುತ್ತದೆಯೇ?

ಒಂದೇ ಅಣುವಿನಿಂದ ಹಲವು ಕೆಲಸ ಮಾಡಿಸುವ ಯೋಚನೆಗೆ ದಾರಿಯಾದದ್ದು ಒಂದು ಪುಟ್ಟ ಬಾವಿ. 1991ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಜೋಯಲ್ ಸಸ್‌ಮನ್ ಅವರ ತಂಡ, ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವದ ರಚನೆಯನ್ನು ಬಿಡಿಸಿಟ್ಟಿತು. ಒಡೆಯುವ ಕೆಲಸ ನಡೆಯುವುದು ಸುಮಾರು 2 ನ್ಯಾನೊಮೀಟರ್ ಆಳದ ಇಕ್ಕಟ್ಟು ಬಾವಿಯ ತಳದಲ್ಲಿ. ಅಣುಗಳು ಅಂಟಿಕೊಳ್ಳುವ ಇನ್ನೊಂದು ತಾಣ ಬಾವಿಯ ಬಾಯಲ್ಲಿ. ತಳದಲ್ಲಿ ಕೂತು ಕಿಣ್ವವನ್ನು ತಡೆಯಬಲ್ಲ ಔಷಧ ಟ್ಯಾಕ್ರಿನ್ 1993ರಲ್ಲೇ ಮಾರುಕಟ್ಟೆಗೆ ಬಂತು, ಯಕೃತ್ತಿಗೆ ಪೆಟ್ಟು ಕೊಡುತ್ತದೆಂದು ಮೂಲೆಗೂ ಸರಿಯಿತು. ಆದರೆ ರಸಾಯನಶಾಸ್ತ್ರಜ್ಞರು ಅದನ್ನು ಬಿಡಲಿಲ್ಲ. 1996ರಲ್ಲಿ ಯುವಾನ್-ಪಿಂಗ್ ಪಾಂಗ್ ಮತ್ತು ಜೊತೆಗಾರರು ಎರಡು ಟ್ಯಾಕ್ರಿನ್‌ಗಳನ್ನು ಏಳು ಇಂಗಾಲದ ಸರಪಳಿಯಿಂದ ಬಿಗಿದರು: ಒಂದು ತಳಕ್ಕೆ, ಒಂದು ಬಾಯಿಗೆ. ಕಿಣ್ವವನ್ನು ತಡೆಯುವ ಕಸುವು ಸಾವಿರ ಪಟ್ಟಿನವರೆಗೂ ಏರಿತು. ಅಮಿಲಾಯ್ಡ್ ಗಟ್ಟಿಗಟ್ಟಲು ಇದೇ ಕಿಣ್ವ ಕುಮ್ಮಕ್ಕು ಕೊಡುತ್ತದೆಂದೂ ಅದೇ ವರ್ಷ ವರದಿಯಾಯಿತು. ಅದರಲ್ಲಿ ಬಾಯಿಯ ತಾಣದ ಪಾತ್ರವಿದೆಯೆಂದು ತಿಳಿದದ್ದೇ ತಡ, ಬಾಯಿ ಮುಚ್ಚಿದರೆ ಎರಡು ಲಾಭ ಎಂಬ ಲೆಕ್ಕಾಚಾರ ಶುರುವಾಯಿತು.

ಆಮೇಲೆ ಕಸಿ ಕಟ್ಟುವವರ ಕಾಲ. ಇಟಲಿಯ ಬೊಲೊನ್ಯಾದವರು 2007ರಲ್ಲಿ ಮೆಮೊಕ್ವಿನ್ ತಂದರು: ಕಿಣ್ವಕ್ಕೆ ತಡೆ, ಅಮಿಲಾಯ್ಡ್‌ಗೆ ತಡೆ, ಜೊತೆಗೆ ಆಕ್ಸಿಡೀಕರಣಕ್ಕೂ ತಡೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದ ಟಿ. ಗೋವಿಂದರಾಜು ಅವರ ತಂಡ ಹಿಡಿದದ್ದು ಗಿಡಮೂಲದ ದಾರಿ. ನಮ್ಮ ಮರದರಿಶಿನದಲ್ಲೂ ಇರುವ ಹಳದಿ ಬರ್ಬೆರಿನ್ ನೀರಿನಲ್ಲಿ ಸರಿಯಾಗಿ ಕರಗದು, ಜೀವಕೋಶಕ್ಕೂ ಒಗ್ಗದು. ಅದನ್ನೇ ತಿದ್ದಿ ಅವರು ಮಾಡಿದ 'ಬರ್-ಡಿ' ಕರಗುತ್ತದೆ, ಅಮಿಲಾಯ್ಡ್‌ನ ಹಲವು ಬಗೆಯ ವಿಷಕ್ಕೂ ಅಡ್ಡ ನಿಲ್ಲುತ್ತದೆ. ಇದೆಲ್ಲ ಪ್ರಯೋಗಶಾಲೆಯ ಮಾತು ಎಂಬುದನ್ನು ಮರೆಯಬಾರದು.

ಮನುಷ್ಯರ ಮೇಲಿನ ದೀರ್ಘ ಪರೀಕ್ಷೆಯವರೆಗೂ ಬಂದದ್ದು ಇಸ್ರೇಲಿನ ಲಾಡೋಸ್ಟಿಗಿಲ್. ಅಲ್ಜೈಮರ್ಸ್ ಔಷಧ ರಿವಾಸ್ಟಿಗ್ಮಿನ್‌ನ ಒಂದು ತುಂಡು, ಪಾರ್ಕಿನ್ಸನ್ ಔಷಧ ರಸಾಗಿಲಿನ್‌ನ ಒಂದು ತುಂಡು. ಮರೆವು ಆಗಷ್ಟೇ ಶುರುವಾಗಿದ್ದ 210 ಮಂದಿಯ ಮೇಲೆ ಮೂರು ವರ್ಷ ನಡೆದ ಪರೀಕ್ಷೆಯ ಫಲ 2019ರಲ್ಲಿ ಹೊರಬಂತು: ಅಪಾಯವೇನಿಲ್ಲ, ಆದರೆ ಅಲ್ಜೈಮರ್ಸ್‌ನತ್ತ ಜಾರುವುದನ್ನು ಅದು ಖಚಿತವಾಗಿ ತಡೆಯಲಿಲ್ಲ.

ತೊಡಕು ಎಲ್ಲಿ? ತುಂಡು ಜೋಡಿಸಿದಷ್ಟೂ ಅಣು ದಪ್ಪಗಾಗುತ್ತದೆ, ರಕ್ತದಿಂದ ಮಿದುಳಿಗೆ ದಾಟುವ ಗಡಿಯಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕಿಂತ ಕಷ್ಟದ್ದು, ನನ್ನ ಮಟ್ಟಿಗೆ, ಪ್ರಮಾಣದ ಪ್ರಶ್ನೆ. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೋಡಿ ಕ್ಯಾಪ್ಸೂಲಿನಲ್ಲಿ ಎರಡು ಔಷಧ ಬೇರೆಬೇರೆಯಾಗಿಯೇ ಇವೆ: ಮೆಮಂಟೈನ್ 28 ಮಿಲಿಗ್ರಾಂ, ಡೊನೆಪೆಜಿಲ್ 10. ಯಾವುದು ಎಷ್ಟು ಎಂದು ತೂಗಿ ಹಾಕಿದ್ದಾರೆ. ಕಸಿ ಕಟ್ಟಿದ ಅಣುವಿನಲ್ಲಿ ಆ ತಕ್ಕಡಿಯೇ ಇಲ್ಲ. ಒಂದಕ್ಕೆ ಒಂದು, ಅಷ್ಟೇ.