ಮಗುವಿನ ಪ್ರಯಾಣಕ್ಕೆ ಯಾರ ಸಹಿ? - ಒಂದು ಚಾರಿತ್ರಿಕ ನೋಟ

ಹಝ್ರತ್ ಉಮರ್ (ರ) ಅವರು ಅನ್ಸಾರ್ ಸಮುದಾಯಕ್ಕೆ ಸೇರಿದ ತಮ್ಮ ಪತ್ನಿಯೊಬ್ಬರಿಂದ ಬೇರ್ಪಟ್ಟಿದ್ದರು. ಆ ದಾಂಪತ್ಯದ ಮಗ ಆಸಿಂ. ಒಮ್ಮೆ ಕುಬಾಕ್ಕೆ ಹೋದಾಗ ಮಸೀದಿಯ ಅಂಗಳದಲ್ಲಿ ಮಗ ಆಡುತ್ತಿರುವುದನ್ನು ಉಮರ್ ಕಂಡರು. ತೋಳು ಹಿಡಿದೆತ್ತಿ ತಮ್ಮ ಸವಾರಿಯ ಮೇಲೆ ಮುಂದೆ ಕೂರಿಸಿಕೊಂಡರು. ಅಷ್ಟರಲ್ಲಿ ಮಗುವಿನ ಅಜ್ಜಿ, ಅಂದರೆ ತಾಯಿಯ ತಾಯಿ, ಬಂದು ತಡೆದರು. ವಿವಾದ ಖಲೀಫ ಅಬೂಬಕರ್ ಸಿದ್ದೀಕ್ (ರ) ಅವರ ಮುಂದೆ ಹೋಯಿತು. ನನ್ನ ಮಗ ಎಂದರು ಉಮರ್. ನನ್ನ ಮಗ ಎಂದರು ಆಕೆ. ಮಗುವನ್ನು ಆಕೆಯ ಬಳಿಯೇ ಬಿಡಬೇಕೆಂದು ಖಲೀಫರು ತೀರ್ಪಿತ್ತರು. ಉಮರ್ ಮರುಮಾತಾಡಲಿಲ್ಲ. ಇಮಾಂ ಮಾಲಿಕ್ ಅವರ ಮುವತ್ತಾದಲ್ಲಿ ಈ ಘಟನೆ ದಾಖಲಾಗಿದೆ.

ಬೇರೆಯಾದ ತಂದೆತಾಯಿಯರಲ್ಲಿ ಒಬ್ಬರು ಮಗುವನ್ನು ಸವಾರಿಯ ಮೇಲೆ ಕೂರಿಸಿಕೊಂಡು ಹೊರಟಾಗ ಇನ್ನೊಬ್ಬರ ಒಪ್ಪಿಗೆ ಬೇಕೇ ಎಂಬ ಪ್ರಶ್ನೆ ಹೀಗೆ ಬಹಳ ಹಳೆಯದು. ಇಂದು ಸವಾರಿ ವಿಮಾನವಾಗಿದೆ, ಅಜ್ಜಿಯ ಜಾಗದಲ್ಲಿ ಪಾಸ್‌ಪೋರ್ಟ್ ಕಚೇರಿಯ ಕೌಂಟರ್ ಇದೆ. ಗಲ್ಫ್ ನಂಟು ಗಾಢವಾಗಿರುವ ನಮ್ಮ ಕರಾವಳಿಯ ಊರುಗಳಲ್ಲಿ ವಿಧವೆಯರು ಮತ್ತು ವಿಚ್ಛೇದಿತೆಯರು ಮಕ್ಕಳ ಪಾಸ್‌ಪೋರ್ಟಿಗಾಗಿ ಅಲೆದದ್ದು ಯಾರಿಗೂ ಹೊಸ ಸಂಗತಿಯಲ್ಲ. ಆ ಅಲೆದಾಟ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ಕಡಿಮೆಯಾಗಿದೆ ಎಂಬುದನ್ನು ತಿಳಿದವರು ಕಡಿಮೆ.

ಫಿಕ್‌ಹ್ ಗ್ರಂಥಗಳಲ್ಲಿ ಪ್ರಯಾಣ

ನಮ್ಮ ಫುಕಹಾಗಳು ಮಗುವಿನ ಮೇಲಿನ ಅಧಿಕಾರವನ್ನು ಎರಡಾಗಿ ವಿಂಗಡಿಸಿದರು. ಹಿಝಾನತ್ ಎಂದರೆ ಲಾಲನೆ ಪಾಲನೆ. ಇದರಲ್ಲಿ ಮೊದಲ ಹಕ್ಕು ತಾಯಿಯದು. ವಿಲಾಯತ್ ಎಂದರೆ ಮಗುವಿನ ಆಸ್ತಿ, ವಿವಾಹ ಮುಂತಾದ ವಿಷಯಗಳಲ್ಲಿ ಮಗುವಿನ ಪರವಾಗಿ ನಿರ್ಧರಿಸುವ ಅಧಿಕಾರ, ಇದು ತಂದೆಯದು. ಹನಫಿ ಮದ್‌ಹಬ್‌ನಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುತ್ತದೆ. ಕರಾವಳಿಯ ನಮ್ಮ ಬಹುಪಾಲು ಜನ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ತಿಳಿವಳಿಕೆ ಬಂದ ಮೇಲೆ, ಸುಮಾರು ಏಳನೆಯ ವರ್ಷಕ್ಕೆ, ಯಾರ ಜೊತೆ ಇರಬೇಕೆಂದು ಮಗುವಿಗೇ ಆಯ್ಕೆ ಕೊಡುತ್ತಾರೆ.

ಪ್ರಯಾಣದ ಬಗ್ಗೆಯೂ ಇವರು ಸುಮ್ಮನಿರಲಿಲ್ಲ. 12ನೇ ಶತಮಾನದ ಇಮಾಂ ಮರ್ಗೀನಾನಿಯವರ ಹಿದಾಯದಲ್ಲಿ ಇದಕ್ಕೆಂದೇ ಚರ್ಚೆಯಿದೆ. ವಿಚ್ಛೇದಿತ ತಾಯಿ ಮಗುವನ್ನು ಬೇರೆ ಊರಿಗೆ ಕರೆದೊಯ್ಯುವಂತಿಲ್ಲ. ಆದರೆ ಆ ಊರು ಆಕೆಯ ತವರಾಗಿದ್ದು, ನಿಕಾಹ್ ಕೂಡ ಅಲ್ಲಿಯೇ ನಡೆದಿದ್ದರೆ ಕರೆದೊಯ್ಯಬಹುದು. ಎರಡು ಊರುಗಳು ಹತ್ತಿರವಿದ್ದು, ತಂದೆ ಮಗುವನ್ನು ನೋಡಿ ಅದೇ ದಿನ ಮನೆಗೆ ಮರಳುವಂತಿದ್ದರೆ ಅಡ್ಡಿಯಿಲ್ಲ. ತಾಯಿಯ ಹಿಝಾನತ್ ಅವಧಿಯಲ್ಲಿ ತಂದೆಯೂ ಮಗುವನ್ನು ಆಕೆಯಿಂದ ಬಿಡಿಸಿ ಪರವೂರಿಗೆ ಕರೆದೊಯ್ಯುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು ಈ ನಿಯಮದ ಅಳತೆಗೋಲು. ಅದು ಗಂಡಸಿನ ಮಾನ, ಹೆಂಗಸಿನ ಮಾನದ ಲೆಕ್ಕವಲ್ಲ. ಮಗು ಇನ್ನೊಬ್ಬರ ಕಣ್ಣಿಗೆ ಸಿಗದಂತಾಗಬಾರದು ಎಂಬ ಕಾಳಜಿ ಅದರ ಹಿಂದಿದೆ.

ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಹಿದಾಯವನ್ನು ಇಂಗ್ಲಿಷಿಗೆ ತಂದ. ಕಂಪನಿಯ ನ್ಯಾಯಾಲಯಗಳಲ್ಲಿ ಅರಬಿ ಬಾರದ ನ್ಯಾಯಾಧೀಶರು ಈ ಅನುವಾದವನ್ನು ಹಿಡಿದು ತೀರ್ಪು ಹೇಳಿದರು. ಫಿಕ್‌ಹ್‌ನ ಜೀವಂತ ಚರ್ಚೆ ಹೀಗೆ ಗಟ್ಟಿಯಾದ ಕಾನೂನಿನ ಕಲಮಾಯಿತು. 1890ರಲ್ಲಿ ಬಂದ ಪೋಷಕರು ಮತ್ತು ಪಾಲ್ಯರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುವಂಥದ್ದು. ಅದರ 26ನೇ ಕಲಮಿನಂತೆ, ಕೋರ್ಟು ನೇಮಿಸಿದ ಪೋಷಕರು ಆ ಕೋರ್ಟಿನ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯ ಹೊರಗೆ ಒಯ್ಯುವಂತಿಲ್ಲ. ಇಂದಿಗೂ ಈ ಕಲಮು ಜಾರಿಯಲ್ಲಿದೆ. ಕೋರ್ಟಿನಿಂದ ಪೋಷಕತ್ವ ಪಡೆದ ತಾಯಿ ಮಗುವನ್ನು ಉಮ್ರಾಕ್ಕೆ ಕರೆದೊಯ್ಯಬೇಕಾದರೂ ಮೊದಲು ಅದೇ ಕೋರ್ಟಿಗೆ ಒಂದು ಅರ್ಜಿ ಹಾಕುವುದು ಕ್ಷೇಮ.

1918ರ ಇಮಾಂಬಂದಿ ಮೊಕದ್ದಮೆ ಇನ್ನೊಂದು ಮೈಲಿಗಲ್ಲು. ತಂದೆ ತೀರಿಕೊಂಡ ಮೇಲೆ ತಾಯಿ ಮಕ್ಕಳ ಪಾಲಿನ ಆಸ್ತಿಯನ್ನು ಪರಭಾರೆ ಮಾಡಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಪ್ರಿವಿ ಕೌನ್ಸಿಲಿನ ಪರವಾಗಿ ತೀರ್ಪು ಬರೆದವರು ನಮ್ಮವರೇ ಆದ ಸಯ್ಯಿದ್ ಅಮೀರ್ ಅಲಿ. ತಾಯಿಗೆ ಪಾಲನೆಯ ಹಕ್ಕಿದೆ, ಆದರೆ ಆಕೆ ಕಾನೂನುಬದ್ಧ ವಲಿ ಅಲ್ಲ ಎಂದು ತೀರ್ಮಾನವಾಯಿತು. ಅದು ಆಸ್ತಿಗೆ ಸಂಬಂಧಿಸಿದ ಮಾತು. ಆದರೆ ತಾಯಿಯ ಸಹಿ ಸಾಲದು ಎಂಬ ಭಾವನೆ ಆಸ್ತಿಯನ್ನು ದಾಟಿ ಶಾಲೆ, ಬ್ಯಾಂಕ್, ಕಚೇರಿಗಳಿಗೆಲ್ಲ ಹರಡಿತು.

ಪಾಸ್‌ಪೋರ್ಟ್ ಬಂದ ಬಗೆ

ಮೊದಲ ಮಹಾಯುದ್ಧಕ್ಕೆ ಮುಂಚೆ ಬಹುಪಾಲು ದೇಶಗಳ ನಡುವೆ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಟವಿತ್ತು. ಯುದ್ಧಕಾಲದ ಕಟ್ಟುಪಾಡುಗಳು ಯುದ್ಧ ಮುಗಿದ ಮೇಲೂ ಉಳಿದವು. 1920ರಲ್ಲಿ ಭಾರತಕ್ಕೆ ಬರುವವರಿಗೆ ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಕಾಯ್ದೆ ಬಂತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಲೀಗ್ ಆಫ್ ನೇಷನ್ಸ್ ನಡೆಸಿದ ಸಮ್ಮೇಳನ ಪುಸ್ತಕದ ಆಕಾರದ ಪಾಸ್‌ಪೋರ್ಟಿಗೆ ಒಂದು ಮಾದರಿಯನ್ನು ಗೊತ್ತುಪಡಿಸಿತು. ಒಂದೇ ಪುಸ್ತಕದಲ್ಲಿ ಗಂಡ, ಹೆಂಡತಿ, ಮಕ್ಕಳು. ಯಜಮಾನ ಗಂಡ, ಉಳಿದವರು ಆತನ ಜೊತೆಗಾರರು. ಮಕ್ಕಳ ಹೆಸರಿಗೆ ಒಂದು ಪುಟ. ಕೈಬರಹದ ನಮ್ಮ ಹಳೆಯ ಪಾಸ್‌ಪೋರ್ಟುಗಳನ್ನು ಕಂಡವರಿಗೆ ಆ ಪುಟ ನೆನಪಿರಬಹುದು.

ಈ ಪದ್ಧತಿಯಲ್ಲಿ ಒಂದು ಸೌಕರ್ಯವಿತ್ತು, ಒಂದು ಅಪಾಯವೂ ಇತ್ತು. ಸಂಸಾರ ಒಟ್ಟಾಗಿದ್ದಾಗ ಖರ್ಚು ಕಡಿಮೆ. ಸಂಸಾರ ಮುರಿದರೆ, ಮಗುವಿನ ಹೆಸರು ಯಾರ ಪುಸ್ತಕದಲ್ಲಿದೆಯೋ ಅವರು ಮಗುವನ್ನು ಕರೆದುಕೊಂಡು ಹೊರಟುಬಿಡಬಹುದಿತ್ತು. ಇನ್ನೊಬ್ಬರಿಗೆ ತಿಳಿಯುವ ಹೊತ್ತಿಗೆ ಮಗು ಬೇರೆ ದೇಶದಲ್ಲಿ. ಒಬ್ಬರಿಗೆ ಒಂದೇ ಪಾಸ್‌ಪೋರ್ಟ್ ಎಂಬ ಅಂತರರಾಷ್ಟ್ರೀಯ ನೀತಿ ಕ್ರಮೇಣ ಬಲವಾದ ಮೇಲೆ ಹಸುಗೂಸಿಗೂ ಪ್ರತ್ಯೇಕ ಪುಸ್ತಕ ಬಂತು. ಅದರ ಜೊತೆಗೇ ಹೊಸ ಪ್ರಶ್ನೆಯೂ ಬಂತು: ಸಹಿ ಹಾಕಲಾರದ ಈ ಮಗುವಿನ ಪರವಾಗಿ ಸಹಿ ಹಾಕುವವರು ಯಾರು?

ಮಗುವನ್ನು ಒಬ್ಬರೇ ದೇಶಾಂತರಕ್ಕೆ ಒಯ್ಯುವ ಪ್ರಕರಣಗಳು ಹೆಚ್ಚಿದಾಗ 1980ರ ಅಕ್ಟೋಬರ್ 25ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಹಾಗೆ ಒಯ್ದ ಮಗುವನ್ನು ಅದು ವಾಸವಿದ್ದ ದೇಶಕ್ಕೆ ಮರಳಿಸಬೇಕೆಂಬುದು ಅದರ ತಿರುಳು. ಭಾರತ ಇದಕ್ಕೆ ಸಹಿ ಹಾಕಿಲ್ಲ. ಕಾನೂನು ಆಯೋಗ 2009ರ ತನ್ನ 218ನೇ ವರದಿಯಲ್ಲಿ ಸೇರಬೇಕೆಂದು ಶಿಫಾರಸು ಮಾಡಿತು, 2016ರ 263ನೇ ವರದಿಯಲ್ಲಿ ಅದಕ್ಕೆಂದು ಮಸೂದೆಯನ್ನು ಪರಿಶೀಲಿಸಿತು. ವಿದೇಶದಲ್ಲಿ ಗಂಡನ ಹಿಂಸೆ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಓಡಿಬಂದ ಹೆಣ್ಣುಮಗಳನ್ನು ಅಪಹರಣಕಾರಳೆಂದು ಕರೆಯಬೇಕಾದೀತಲ್ಲ ಎಂಬ ಆಕ್ಷೇಪಕ್ಕೆ ಬಲವಿತ್ತು. ಆ ಆಕ್ಷೇಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ನಾವು ಒಪ್ಪಂದದ ಹೊರಗಿರುವ ಕಾರಣಕ್ಕೇ, ಒಂಟಿಯಾಗಿ ಮಗುವಿನೊಡನೆ ಪ್ರಯಾಣಿಸುವವರನ್ನು ಕೆಲವು ದೇಶಗಳ ವೀಸಾ ಅಧಿಕಾರಿಗಳು ಹೆಚ್ಚು ಪ್ರಶ್ನಿಸಿದರೆ ಆಶ್ಚರ್ಯಪಡಬೇಕಿಲ್ಲ.

ಸಹಿಯ ಹೋರಾಟ

ನಮ್ಮ ದೇಶದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಹುಕಾಲ ಸರಕಾರದ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವಿದೇಶ ಪ್ರಯಾಣ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು, 1980ರಲ್ಲಿ ನಿಯಮಾವಳಿ. ದೊಡ್ಡವರ ಹಕ್ಕು ಹೀಗೆ ಗಟ್ಟಿಯಾಯಿತು. ಮಕ್ಕಳದು ಮಾತ್ರ ತಂದೆತಾಯಿ ಇಬ್ಬರ ಸಹಿಯ ಹಿಂದೆ ನಿಂತಿತು. ಒಬ್ಬರ ಸಹಿ ಸಿಗದಿದ್ದರೆ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್, ನೋಟರಿ, ವಿಚ್ಛೇದನದ ಡಿಕ್ರಿ. ಗಂಡ ಎಲ್ಲಿದ್ದಾನೆಂದೇ ತಿಳಿಯದ ಹೆಣ್ಣುಮಗಳು ಆತನ ಒಪ್ಪಿಗೆಯನ್ನು ಎಲ್ಲಿಂದ ತರಬೇಕು?

ಇದು ಮುಸ್ಲಿಂ ಹೆಣ್ಣುಮಕ್ಕಳಿಗೆ ಮಾತ್ರ ಬಂದ ಕಷ್ಟವೆಂದು ತಿಳಿಯಬಾರದು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಹಾಕಿದಾಗ, ತಂದೆಯ ಸಹಿ ಬೇಕೆಂದು ಅರ್ಜಿ ವಾಪಸು ಬಂತು. ತಂದೆ ಮನೆಯಲ್ಲೇ ಇದ್ದರು. ಆದರೆ ತತ್ತ್ವದ ಪ್ರಶ್ನೆಯೆಂದು ದಂಪತಿ ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯ ತೀರ್ಪು, ಹಿಂದೂ ಕಾಯ್ದೆಯಲ್ಲಿ ತಂದೆಯ ‘ನಂತರ’ ತಾಯಿ ಎಂಬುದಕ್ಕೆ ತಂದೆ ಸತ್ತ ನಂತರ ಎಂದಷ್ಟೇ ಅರ್ಥವಲ್ಲ, ಆತ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದಿತು. 2010ರಲ್ಲಿ 1890ರ ಕಾಯ್ದೆಯ 19ನೇ ಕಲಮಿಗೆ ತಿದ್ದುಪಡಿಯಾಗಿ, ತಂದೆಯ ಹೆಸರಿದ್ದಲ್ಲಿ ತಾಯಿಯ ಹೆಸರೂ ಸೇರಿತು. 2015ರ ಜುಲೈನಲ್ಲಿ ಅವಿವಾಹಿತ ಕ್ರೈಸ್ತ ತಾಯಿಯೊಬ್ಬರ ಪ್ರಕರಣದಲ್ಲಿ, ಪೋಷಕತ್ವ ಪಡೆಯಲು ಆಕೆ ತಂದೆಯ ಹೆಸರು ಹೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2016ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಇದೇ ದಾರಿಯಲ್ಲಿ ಪಾಸ್‌ಪೋರ್ಟಿನ ವಿಷಯದಲ್ಲೂ ಮಾತಾಡಿತು.

ಇವುಗಳ ಫಲವೇ 2016ರ ಡಿಸೆಂಬರ್ 23ರಂದು ವಿದೇಶಾಂಗ ಸಚಿವಾಲಯ ಪ್ರಕಟಿಸಿದ ಹೊಸ ನಿಯಮಗಳು. ಅರ್ಜಿಯಲ್ಲಿ ತಂದೆ ಅಥವಾ ತಾಯಿ ಅಥವಾ ಪೋಷಕರು, ಒಬ್ಬರ ಹೆಸರು ಸಾಕು. ಅನುಬಂಧಗಳು 15ರಿಂದ 9ಕ್ಕೆ ಇಳಿದವು. ಅವೂ ಬಿಳಿ ಹಾಳೆಯ ಸ್ವಯಂ ಘೋಷಣೆಗಳು; ನೋಟರಿಯ ಮೊಹರು ಬೇಡ. ವಿವಾಹ ಪ್ರಮಾಣಪತ್ರ ಬೇಡ. ವಿಚ್ಛೇದಿತರು, ಬೇರೆ ಇರುವವರು ಸಂಗಾತಿಯ ಹೆಸರು ಬರೆಯಬೇಕಿಲ್ಲ, ಡಿಕ್ರಿಯನ್ನೂ ತರಬೇಕಿಲ್ಲ. ಜನನದ ದಾಖಲೆಯಿಲ್ಲದ ಅನಾಥ ಮಕ್ಕಳಿಗೆ ಅನಾಥಾಲಯದ ಮುಖ್ಯಸ್ಥರು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಜನ್ಮದಿನಾಂಕ ದೃಢೀಕರಿಸಿದರೆ ಸಾಕೆಂದಾಯಿತು. ಯತೀಂಖಾನ ನಡೆಸುವ ನಮ್ಮ ಸಂಸ್ಥೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಇಂದಿನ ಕಾಗದಪತ್ರ

ಮಗುವಿನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತಂದೆತಾಯಿ ಅನುಬಂಧ ‘ಡಿ’ ತುಂಬುತ್ತಾರೆ. ಒಬ್ಬರ ಒಪ್ಪಿಗೆ ಸಿಗದಿದ್ದರೆ ಇನ್ನೊಬ್ಬರು ತುಂಬಬೇಕಾದದ್ದು ಅನುಬಂಧ ‘ಸಿ’. ಒಪ್ಪಿಗೆ ಏಕೆ ಸಿಕ್ಕಿಲ್ಲ, ಮಗು ಯಾರ ಬಳಿ ಇದೆ, ಕೋರ್ಟಿನಲ್ಲಿ ಮೊಕದ್ದಮೆ ಇದೆಯೇ ಎಂಬುದನ್ನು ಅಲ್ಲಿ ಸತ್ಯವಾಗಿ ಬರೆಯಬೇಕು. ಮೊಕದ್ದಮೆ ಮುಚ್ಚಿಟ್ಟರೆ ಮುಂದೆ ಪಾಸ್‌ಪೋರ್ಟೇ ರದ್ದಾಗಬಹುದು. ವಿಧವೆಗೆ ಗಂಡನ ಮರಣ ಪ್ರಮಾಣಪತ್ರವೇ ಸಾಕಷ್ಟು ಹೇಳುತ್ತದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ ಎಂದು 2025ರ ತಿದ್ದುಪಡಿ ಹೇಳುತ್ತದೆ.

ಪಾಸ್‌ಪೋರ್ಟ್ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಹೊರಡುವಾಗ ಇನ್ನೊಬ್ಬರ ಪತ್ರವನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಎಲ್ಲರಿಂದಲೂ ಕೇಳುವ ಪದ್ಧತಿಯಿಲ್ಲ. ಕೋರ್ಟಿನ ತಡೆಯಾಜ್ಞೆ ಇದ್ದರೆ ಮಾತ್ರ ಹೆಜ್ಜೆ ಮುಂದಿಡಲಾಗದು. ಆದರೆ ಹೋಗುವ ದೇಶ ಕೇಳಬಹುದು. ಯುರೋಪಿನ ಷೆಂಗೆನ್ ವೀಸಾ ಅರ್ಜಿಯಲ್ಲಿ ಅಪ್ರಾಪ್ತರ ಪರವಾಗಿ ತಂದೆತಾಯಿಯ ಸಹಿಗೆ ಜಾಗವಿದೆ. ದಕ್ಷಿಣ ಆಫ್ರಿಕ 2015ರ ಜೂನ್ 1ರಿಂದ ಮಗುವಿನ ಪೂರ್ಣ ಜನನ ಪ್ರಮಾಣಪತ್ರ, ಜೊತೆಗಿಲ್ಲದ ತಂದೆ ಅಥವಾ ತಾಯಿಯ ಒಪ್ಪಿಗೆಯ ಅಫಿಡವಿಟ್ ಕಡ್ಡಾಯ ಮಾಡಿತ್ತು. ಪ್ರವಾಸಿಗರು ಕಡಿಮೆಯಾದರೆಂದು ಕೂಗೆದ್ದ ಮೇಲೆ ಸಡಿಲಿಸಿತು. ಆದ್ದರಿಂದ ಜನನ ಪ್ರಮಾಣಪತ್ರದ ಪ್ರತಿ, ಇನ್ನೊಬ್ಬರು ನೋಟರಿ ಮುಂದೆ ಸಹಿ ಹಾಕಿದ ಒಪ್ಪಿಗೆ ಪತ್ರ, ಅದಿಲ್ಲದಿದ್ದರೆ ಮರಣ ಪ್ರಮಾಣಪತ್ರ ಅಥವಾ ಕೋರ್ಟಿನ ಆದೇಶ, ಇಷ್ಟನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿನಲ್ಲಲ್ಲ.

ಗಲ್ಫಿನ ಲೆಕ್ಕ ಬೇರೆ. ಅಲ್ಲಿ ಹೆಂಡತಿ ಮಕ್ಕಳ ವಾಸದ ಪರವಾನಗಿ ಸಾಮಾನ್ಯವಾಗಿ ಗಂಡನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಗಂಡ ತೀರಿಕೊಂಡರೆ ಪರವಾನಗಿಯೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು ಎಂಬ ಸ್ಥಿತಿಯಿತ್ತು. ಯುಎಇ 2018ರ ಅಕ್ಟೋಬರ್‌ನಿಂದ ವಿಧವೆಯರಿಗೂ ವಿಚ್ಛೇದಿತೆಯರಿಗೂ ಅವರ ಮಕ್ಕಳಿಗೂ ಒಂದು ವರ್ಷದ ವೀಸಾ ವಿಸ್ತರಣೆಗೆ ಅವಕಾಶ ಕೊಟ್ಟಿತು. ಗಂಡನಿರುವಾಗ ತಾಯಿಯೇ ಮಕ್ಕಳ ಪ್ರಾಯೋಜಕಿಯಾಗಬೇಕಾದರೆ ಅಲ್ಲಿ ಆತನ ಲಿಖಿತ ಒಪ್ಪಿಗೆ ಬೇಕು.

ಇಲ್ಲಿಯೇ ನಮ್ಮ ಜಮಾಅತಿನ ಕಾಗದಗಳು ಸೋಲುವುದು. ಮಸೀದಿಯ ನಿಕಾಹ್ ಪುಸ್ತಕದ ಪ್ರತಿ, ತಲಾಖ್ ಆಯಿತೆಂದು ಕಮಿಟಿ ಕೊಟ್ಟ ಪತ್ರ ಊರಲ್ಲಿ ನಡೆಯುತ್ತವೆ. ಕಾನ್ಸುಲೇಟಿನ ಕಿಟಕಿಯಲ್ಲಿ ನಡೆಯುವ ಭರವಸೆಯಿಲ್ಲ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಅಸಿಂಧುಗೊಳಿಸಿತು. 2019ರ ಕಾಯ್ದೆಯ ಪ್ರಕಾರ, ಹಾಗೆ ತಲಾಖ್ ಹೇಳಿಸಿಕೊಂಡ ಹೆಂಡತಿಗೆ ಅಪ್ರಾಪ್ತ ಮಕ್ಕಳ ಪಾಲನೆಯ ಹಕ್ಕಿದೆ. ಅದರ ರೀತಿಯನ್ನು ಮ್ಯಾಜಿಸ್ಟ್ರೇಟರು ನಿರ್ಧರಿಸುತ್ತಾರೆ. ತಲಾಖ್ ಆಗಲಿ ಖುಲಾ ಆಗಲಿ, ಕುಟುಂಬ ನ್ಯಾಯಾಲಯದಿಂದ ಘೋಷಣೆಯ ಡಿಕ್ರಿಯೊಂದನ್ನು, ಅದರಲ್ಲಿ ಮಗು ಯಾರ ಬಳಿ ಎಂಬ ಮಾತಿನೊಂದಿಗೆ ಪಡೆದುಕೊಂಡರೆ ಹತ್ತು ವರ್ಷದ ಅಲೆದಾಟ ತಪ್ಪುತ್ತದೆ. ರಾಜಿ ಪಂಚಾಯಿತಿಯಲ್ಲಿ ಮೆಹರ್, ಇದ್ದತ್ತಿನ ಖರ್ಚು, ಒಡವೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಹಿರಿಯರು ಮಗುವಿನ ಪಾಸ್‌ಪೋರ್ಟಿಗೆ ತಂದೆ ಸಹಿ ಹಾಕುತ್ತಾನೆಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸುವುದಿಲ್ಲ.

ಇಲ್ಲಿನ ಪ್ರಮಾಣಪತ್ರ ಅಲ್ಲಿ ನಡೆಯಬೇಕಾದರೆ ಅಪೋಸ್ಟಿಲ್ ಎಂಬ ಮುದ್ರೆ ಬೇಕು. ಭಾರತದಲ್ಲಿ ಇದು 2005ರ ಜುಲೈನಿಂದ ಜಾರಿಯಲ್ಲಿದೆ. ಒಮಾನ್ ಮತ್ತು ಬಹ್ರೈನ್ ಮೊದಲೇ ಈ ವ್ಯವಸ್ಥೆಗೆ ಸೇರಿದ್ದವು, ಸೌದಿ ಅರೇಬಿಯ 2022ರ ಡಿಸೆಂಬರ್‌ನಲ್ಲಿ ಸೇರಿತು. ಸೇರದ ದೇಶಗಳಿಗೆ ಹೋಗುವವರು ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಆಯಾ ರಾಯಭಾರ ಕಚೇರಿ ಎಂದು ಮೂರು ಮೆಟ್ಟಿಲು ಹತ್ತಬೇಕು.

ಇನ್ನೊಂದು ತೊಡಕು ಹೆಸರಿನದು. ಒಂದರಲ್ಲಿ ಅಬ್ದುಲ್ ಖಾದರ್, ಇನ್ನೊಂದರಲ್ಲಿ ಅಬ್ದುಲ್ ಕಾದರ್, ಮೂರನೆಯದರಲ್ಲಿ ಬರೇ ಖಾದರ್ ಬ್ಯಾರಿ. ತಂದೆ ಬದುಕಿದ್ದಾಗ ತಿದ್ದಿಸದ ಹೆಸರನ್ನು ಆತ ತೀರಿದ ಮೇಲೆ ತಿದ್ದಿಸುವುದು ತಾಯಿಗೆ ಎಷ್ಟು ಕಷ್ಟವೆಂದು ಹೇಳಬೇಕಿಲ್ಲ. ಮಗುವಿನ ಹೆಸರೇ ಇಲ್ಲದ ಜನನ ಪ್ರಮಾಣಪತ್ರಗಳೂ ನಮ್ಮಲ್ಲಿ ಬೇಕಾದಷ್ಟಿವೆ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಸಣ್ಣ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. ಅದಕ್ಕೆ ತಾಯಿ ಹೋದರೂ ಸಾಕು.